ಬೆಳಕಿರುವ ತನಕ ತೆರೆದಿರುತ್ತದೆ

ಆ ಬಾಗಿಲಿಗೆ ಬೋರ್ಡು ಇರಲಿಲ್ಲ. ಹಳೆಯ ಕಟ್ಟಡಕ್ಕೆ ಮೊಳೆ ಹೊಡೆಯಬಾರದಂತೆ. ಅದಕ್ಕೇ ಒಂದು ರಟ್ಟಿನ ಚೂರಿಗೆ ದಾರ ಕಟ್ಟಿ ಬಾಗಿಲ ಹಿಡಿಗೆ ನೇತುಹಾಕಿದ್ದರು: ‘ಚರಿತ್ರೆ ವಿಭಾಗದ ಗ್ರಂಥಾಲಯ. ಬೆಳಕಿರುವ ತನಕ ತೆರೆದಿರುತ್ತದೆ.’

ಟೀಚರಮ್ಮ ಅದನ್ನು ಓದಿ ತಲೆಯೆತ್ತಿ ಆಕಾಶ ನೋಡಿದಳು. ಊಟದ ಹೊತ್ತು ಆಗಷ್ಟೇ ಕಳೆದಿತ್ತು, ಆದರೆ ಮೋಡ ಕಪ್ಪಗೆ ಕವುಚಿಕೊಂಡಿತ್ತು.

“ಥೂ ನಿನ್ನ!” ಎಂದಳು. ಮೋಡಕ್ಕೋ, ರಟ್ಟಿಗೋ, ಅವಳಿಗೇ ಗೊತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ಮಾಡಿ ಕಂಚಾದ ಗಂಟಲು ಅವಳದು. ಕೊನೆಯ ಬೆಂಚಿನಲ್ಲಿ ಮಲಗಿದವನೂ ಬೆಚ್ಚಿ ಎದ್ದು ಕೂರಬೇಕು, ಅಂಥದ್ದು. ತಲೆಗೂದಲು ಅರ್ಧ ನೆರೆತ ಮೇಲೆ ಅವಳಿಗೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿದಿತ್ತು. ವಿಷಯ, ಸೇತುವೆಗಳು ಬರುವ ಮುಂಚಿನ ದೋಣಿಗಳು ಮತ್ತು ಅವುಗಳನ್ನು ನಡೆಸುತ್ತಿದ್ದವರು. ಮನೆಯವರು ನಕ್ಕರು, ಶಾಲೆಯವರು ರಜೆ ಕೊಡಲಿಲ್ಲ, ಆದರೂ ಹಟ ಹಿಡಿದು ಬರೆದು ಮುಗಿಸಿದಳು. ನಾಳೆ ಮಧ್ಯಾಹ್ನದೊಳಗೆ ಪ್ರಬಂಧ ಕೊಡಬೇಕು, ತಪ್ಪಿದರೆ ನೋಂದಣಿಯೇ ರದ್ದು.

ಇಷ್ಟಾದ ಮೇಲೆ ಅವಳ ಮಾರ್ಗದರ್ಶಕರಿಗೆ ನಿನ್ನೆ ಜ್ಞಾನೋದಯವಾಗಿತ್ತು.

“ಮೂರನೇ ಅಧ್ಯಾಯ ಪೂರ್ತಿ ನಿಂತಿರೋದು ಒಂದೇ ಮಾತಿನ ಮೇಲೆ. ಆ ನದಿ ದಾಟೋ ಕಡವಿನಲ್ಲಿ ದೋಣಿ ನಡೆಸ್ತಿದ್ದೋರು ಹೆಂಗಸರು ಅಂತ. ಅದನ್ನ ನೀವು ಯಾರದೋ ಅಡಿಟಿಪ್ಪಣಿಯಿಂದ ಎತ್ಕೊಂಡಿದ್ದೀರಿ. ಅವರು ಪುಟಸಂಖ್ಯೇನೇ ಕೊಟ್ಟಿಲ್ಲ. ಮೂಲ ಪುಸ್ತಕ ಕಣ್ಣಾರೆ ನೋಡಿ, ಪುಟಸಂಖ್ಯೆ ತನ್ನಿ. ಇಲ್ಲಾಂದ್ರೆ ಆ ಅಧ್ಯಾಯ ತೆಗೀರಿ.”

“ಇದನ್ನ ಹೋದ ವರ್ಷ ಹೇಳೋಕೆ ಏನಾಗಿತ್ತು ಸಾರ್?”

“ಹೋದ ವರ್ಷ ನಾನಿನ್ನೂ ಓದಿರಲಿಲ್ಲ.”

ಮೂರನೇ ಅಧ್ಯಾಯ ತೆಗೆದರೆ ಉಳಿಯುವುದು ಬರೀ ದೋಣಿ. ದೋಣಿಯಲ್ಲಿ ಮನುಷ್ಯರೇ ಇರುವುದಿಲ್ಲ.

ಸಾಲದ್ದಕ್ಕೆ ಬೈಂಡರನ ಕಾಟ. ವಿಶ್ವವಿದ್ಯಾಲಯದ ಗೇಟಿನ ಎದುರು ಇರುವವನು ಅವನೊಬ್ಬನೇ. ಪ್ರಬಂಧದ ಮೊದಲ ಪ್ರತಿಗೆ ರಟ್ಟು ಹಾಕುವಾಗ ಅಂಚು ನೇರ ಮಾಡುತ್ತೇನೆಂದು ಕತ್ತಿ ಆಡಿಸಿ, ಪುಟಗಳ ಅಡಿಯಲ್ಲಿದ್ದ ಸಂಖ್ಯೆಗಳನ್ನೆಲ್ಲ ಸವರಿಬಿಟ್ಟಿದ್ದ. “ಓರೆ ಇತ್ತಮ್ಮ, ಈಗ ನೋಡಿ ಹೆಂಗೆ ಲಕ್ಷಣವಾಗಿದೆ” ಅಂದಿದ್ದ. ಅವನ ಅಂಗಡಿಯ ಮುಂದೆ ಅವಳು ಮಾಡಿದ ರಂಪ ನೋಡಲು ಜನ ಸೇರಿದ್ದರು. ಆ ಲಕ್ಷಣವಾದ ಪ್ರತಿ ಈಗಲೂ ಅವಳ ಚೀಲದಲ್ಲೇ ಇತ್ತು.

ಬಾಗಿಲು ದೂಡಿ ಒಳಗೆ ಹೋದಳು. ಕೆಳಗಿನ ಕೋಣೆಯಲ್ಲಿ ಗ್ರಂಥಪಾಲಕ ಒಂದು ಮೇಜು, ಒಂದು ಬುಟ್ಟಿ ಇಟ್ಟುಕೊಂಡು ಕೂತಿದ್ದ. ತೆಳ್ಳಗಿನ ಮನುಷ್ಯ. ವಿದ್ಯಾರ್ಥಿಗಳು ಅವನಿಗೆ ಮೆಲ್ಲಗಪ್ಪ ಎಂದು ಹೆಸರಿಟ್ಟಿದ್ದರು. ಯಾಕೆಂದು ಕೇಳಬೇಕಾಗಿರಲಿಲ್ಲ.

“ಮೆಲ್ಲಗೆ,” ಎಂದ ಅವನು, ಅವಳು ಬಾಯಿ ತೆರೆಯುವ ಮುಂಚೆಯೇ. “ಮೆಲ್ಲಗೆ ಬನ್ನಿ. ಫೋನು ಬುಟ್ಟಿಗೆ. ಚಪ್ಪಲಿ ಬಿಟ್ಟು ಈ ಬಟ್ಟೆ ಚಪ್ಪಲಿ ಹಾಕ್ಕೊಳ್ಳಿ. ಮರದ ನೆಲ, ಸವೀತದೆ.”

ಬಟ್ಟೆ ಚಪ್ಪಲಿಗಳ ರಾಶಿಯಲ್ಲಿ ಅವಳಿಗೆ ಸಿಕ್ಕಿದ ಎರಡೂ ಎಡಗಾಲಿನವು. ಬಲಗಾಲಿನದು ಹುಡುಕುವ ತಾಳ್ಮೆ ಇರಲಿಲ್ಲ. ಹಾಗೇ ತುರುಕಿಕೊಂಡು ಮೆಟ್ಟಿಲ ಕಡೆ ಹೊರಟಳು.

“ನಿಲ್ಲಿ ಮೇಡಂ. ಮೇಲೆ ಜಾಗ ಇಲ್ಲ.”

“ಅಲ್ಲಿ ಕುರ್ಚಿ ಖಾಲಿ ಕಾಣ್ತಿದೆಯಲ್ರೀ!”

“ಕುರ್ಚಿ ಇದೆ, ನೆಲ ಇಲ್ಲ. ಮಹಡಿ ಮೇಲೆ ಒಂದು ಸಲಕ್ಕೆ ಮೂರೇ ಜನ ಅಂತ ಪುರಾತನ ಕಟ್ಟಡದ ಇಲಾಖೆಯವರ ಆರ್ಡರು. ಮರ ಹಳೇದು.”

“ಮೇಲಿರೋದು ಇಬ್ಬರೇ. ನನಗೂ ಎಣಿಸೋಕೆ ಬರ್ತದೆ.”

“ಒಂದು ಹುಡುಗಿ, ಒಬ್ಬರು ರಿಟೈರ್ಡ್ ಪ್ರೊಫೆಸರ್ರು.” ಗ್ರಂಥಪಾಲಕ ದನಿ ತಗ್ಗಿಸಿದ. “ಪ್ರೊಫೆಸರ್ರನ್ನ ನಾವು ಇಬ್ಬರು ಅಂತ ಲೆಕ್ಕ ಹಿಡೀತೀವಿ.”

ಟೀಚರಮ್ಮ ಬಗ್ಗಿ ಮೇಲೆ ನೋಡಿದಳು. ಭಾರೀ ಗಾತ್ರದ ಮುದುಕರೊಬ್ಬರು ತೆರೆದ ಪುಸ್ತಕದ ಮೇಲೆ ಕೈಕಟ್ಟಿ ಸೊಗಸಾಗಿ ಗೊರಕೆ ಹೊಡೆಯುತ್ತಿದ್ದರು.

“ಅವರನ್ನ ಎಬ್ಬಿಸಿ.”

“ಎಬ್ಬಿಸಿದ್ರೆ ಗಾಬರಿಯಾಗಿ ಧಡಕ್ಕನೆ ಏಳ್ತಾರೆ. ಅದು ನೆಲಕ್ಕೆ ಒಳ್ಳೇದಲ್ಲ.”

ಟೀಚರಮ್ಮನ ತಲೆ ಚಿಟ್ಟು ಹಿಡಿಯಿತು. ಮೆಟ್ಟಿಲ ಬುಡದಲ್ಲಿ ನಿಂತು, ತರಗತಿಯಲ್ಲಿ ಹಾಜರಿ ಕರೆಯುವ ಗಂಟಲಿನಲ್ಲಿ, “ಸಾರ್! ಹೊರಗೆ ಮಳೆ ಬರೋ ಹಾಗಿದೆ, ಮನೆಗೆ ಹೊರಡಲ್ವಾ?” ಎಂದಳು.

ಕಟ್ಟಡವೇ ಒಮ್ಮೆ ಬೆಚ್ಚಿದಂತಾಯಿತು. ಗ್ರಂಥಪಾಲಕ ಕಣ್ಣು ಮುಚ್ಚಿಕೊಂಡ. ನೆಲವೇನೂ ಕುಸಿಯಲಿಲ್ಲ. ಪ್ರೊಫೆಸರ್ರು ಕಣ್ಣುಜ್ಜಿಕೊಳ್ಳುತ್ತ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, “ಒಳ್ಳೇದು ಮಾಡಿದೆ ಕಣಮ್ಮ, ಕೊಡೆ ತಂದಿಲ್ಲ,” ಎಂದು ಹೊರಟುಹೋದರು.

ಈಗ ಟೀಚರಮ್ಮ, ಗ್ರಂಥಪಾಲಕ, ಮೂಲೆಯಲ್ಲಿ ಬರೆಯುತ್ತಿದ್ದ ಹುಡುಗಿ, ಒಟ್ಟು ಮೂವರು ಮೇಲೆ ಇರಬಹುದಾಯಿತು.

ಆ ಮನೆ ಕಟ್ಟಿಸಿದವನು ಹಿಂದೆ ಸಾಂಬಾರ ಪದಾರ್ಥದ ವ್ಯಾಪಾರಿಯಂತೆ. ಮಹಡಿಯ ದಪ್ಪ ಗೋಡೆಗಳಲ್ಲಿ ಜಾಡಿ ಇಡಲು ಸಾಲಾಗಿ ಗೂಡುಗಳನ್ನು ಕೊರೆಸಿದ್ದ. ದೊಡ್ಡ ಜಾಡಿಗೆ ಎತ್ತರದ ಗೂಡು, ಭರಣಿಗೆ ನಡುವಿನದು, ಡಬ್ಬಿಗೆ ಗಿಡ್ಡದು. ಗೋಡೆ ಮುಟ್ಟುವಂತಿಲ್ಲ, ಕಪಾಟಿನ ಭಾರವನ್ನು ನೆಲ ಹೊರುವಂತಿಲ್ಲ. ಹಾಗಾಗಿ ವಿಭಾಗದವರು ಪುಸ್ತಕಗಳನ್ನೇ ಆ ಗೂಡುಗಳಿಗೆ ತುಂಬಿದ್ದರು.

“ಅಂದ್ರೆ, ವಿಷಯದ ಪ್ರಕಾರ ಜೋಡಿಸಿಲ್ವಾ?”

“ಎತ್ತರದ ಪ್ರಕಾರ. ಯಾವ ಗೂಡಿಗೆ ಹಿಡಿಸ್ತದೋ ಆ ಗೂಡಿಗೆ.”

“ಇದೇನು ಲೈಬ್ರರಿನೋ, ಪಾತ್ರೆ ಅಂಗಡಿನೋ?”

ಗ್ರಂಥಪಾಲಕನಿಗೆ ಚುರುಕ್ಕೆಂದಿತು. “ಇಷ್ಟು ವರ್ಷದಲ್ಲಿ ಒಂದು ಪುಸ್ತಕ ಕಳೆದಿಲ್ಲ ಮೇಡಂ. ಕಾರ್ಡಿನಲ್ಲಿ ಗೂಡು ಯಾವುದು ಅಂತ ಇರ್ತದೆ. ಹೋಗಿ ಕೈ ಹಾಕಿದ್ರೆ ಸಿಕ್ತದೆ.”

ಅವಳ ಪುಸ್ತಕ ಹಳೆಯ ಭೂಮಾಪಕನೊಬ್ಬನ ನದಿ ಪ್ರವಾಸದ ವರದಿ. ಕಾರ್ಡಿನಲ್ಲಿ ಕಿಟಕಿಯ ಪಕ್ಕದ ಎತ್ತರದ ಗೂಡು ಎಂದಿತ್ತು. ಗ್ರಂಥಪಾಲಕ ಕೈ ಹಾಕಿದ. ಸಿಗಲಿಲ್ಲ. ಅಲ್ಲಿದ್ದ ಒಂದೊಂದನ್ನೂ ಮಗುವನ್ನು ಎತ್ತಿಕೊಳ್ಳುವಂತೆ ತೆಗೆದು, ಬೆನ್ನು ಒರೆಸಿ, ಓದಿ ಮತ್ತೆ ಇಟ್ಟ. ಅಟ್ಲಾಸು, ನಕ್ಷೆ, ಅಟ್ಲಾಸು.

“ಸ್ವಲ್ಪ ಬೇಗ ಮಾಡ್ರೀ. ಸೂರ್ಯ ನಿಮ್ಮನೆ ಸಂಬಳದವನಲ್ಲ.”

“ಮೆಲ್ಲಗೆ,” ಎಂದ ಅವನು, ಅಭ್ಯಾಸಬಲದಿಂದ.

“ಒಂದು ದೀಪ ಹಾಕೋಕಾಗಲ್ವಾ?”

“ಮಹಡಿಗೆ ವೈರು ಎಳೆಯೋ ಹಾಗಿಲ್ಲ, ಟಾರ್ಚು ತರೋ ಹಾಗಿಲ್ಲ. ಟಾರ್ಚು ತಂದವರು ಬೆಂಕಿಕಡ್ಡಿನೂ ತರ್ತಾರೆ ಅಂತ ಇಲಾಖೆಯವರ ವಾದ. ನೋಡಿ, ಆ ಬಾಗಿಲ ಮೇಲಿನ ಗೂಡಿದೆಯಲ್ಲ, ಅಲ್ಲಿನ ಪುಸ್ತಕದ ಹೆಸರು ಇಲ್ಲಿ ನಿಂತು ನನ್ನ ಕಣ್ಣಿಗೆ ಓದೋಕಾಗಲಿಲ್ಲ ಅಂದ್ರೆ ಲೈಬ್ರರಿ ಬಂದ್. ಅದೇ ಇಲ್ಲಿನ ಗಡಿಯಾರ.”

ಅಷ್ಟರಲ್ಲಿ ಕೆಳಗೆ ಬುಟ್ಟಿಯಲ್ಲಿ ಅವಳ ಫೋನು ಅರಚಿಕೊಂಡಿತು. ಎರಡು ಎಡಗಾಲುಗಳಲ್ಲಿ ಕುಂಟುತ್ತ ಇಳಿದು ಹೋಗಿ ಎತ್ತಿಕೊಂಡಳು. ಗಂಡ.

“ಏನು?”

“ನನ್ನ ಕನ್ನಡಕ ಕಾಣ್ತಿಲ್ಲ. ನಿನ್ನ ಚೀಲದಲ್ಲಿ ಇದೆಯಾ ನೋಡೇ.”

ಚೀಲಕ್ಕೆ ಕೈ ಹಾಕಿದಳು. ಅವಳದು ಮೂಗಿನ ಮೇಲಿತ್ತು, ಅವನದು ಚೀಲದ ತಳದಲ್ಲಿತ್ತು. ಬೆಳಗ್ಗೆ ಅವಸರದಲ್ಲಿ ಎರಡನ್ನೂ ಬಾಚಿಕೊಂಡು ಬಂದಿದ್ದಳು.

“ಇದೆ.”

“ಅಯ್ಯೋ! ಟಿವಿ ನೋಡೋಕಾಗ್ತಿಲ್ಲ, ಎಲ್ಲ ಮಂಜು ಮಂಜು. ಬೇಗ ಬಾ ಮಾರಾಯ್ತಿ.”

“ಇಲ್ಲಿ ನನ್ನ ಜೀವನವೇ ಮಂಜಾಗಿದೆ, ನಿಮಗೆ ಟಿವಿ! ಕಿವಿ ಇದೆಯಲ್ಲ, ಕೇಳಿಸ್ಕೊಳ್ಳಿ,” ಎಂದು ಫೋನನ್ನು ಬುಟ್ಟಿಗೆ ಎಸೆದಳು.

ಮೇಲೆ ಬಂದಾಗ ಗ್ರಂಥಪಾಲಕ ಖಾಲಿ ಕೈಯಲ್ಲಿ ನಿಂತಿದ್ದ. ಅವನ ಮುಖ ಸಣ್ಣಗಾಗಿತ್ತು. ಪಕ್ಕದ ಗೂಡನ್ನೂ ನೋಡಿ ಆಗಿತ್ತು.

“ಯಾರೋ ಕದ್ದಿದ್ದಾರೆ,” ಎಂದಳು ಟೀಚರಮ್ಮ.

“ಸಾಧ್ಯವೇ ಇಲ್ಲ. ಅದು ಹೊರಗೆ ಕೊಡೋ ಪುಸ್ತಕವೇ ಅಲ್ಲ.”

“ಹಾಗಾದ್ರೆ ಕಾಲು ಬಂದು ನಡ್ಕೊಂಡು ಹೋಯ್ತಾ?”

ಟೀಚರಮ್ಮ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ನೆಲ ಕಿರ್ರೆಂದಿತು. ಮೂಲೆಯ ಹುಡುಗಿ ಹೆದರಿ ಕಾಲು ಮೇಲೆತ್ತಿಕೊಂಡಳು. ಮೂರನೇ ಅಧ್ಯಾಯ ಕಿತ್ತರೆ ಎಷ್ಟು ಪುಟ ಹೋಗುತ್ತದೆಂದು ನೋಡಲು ಟೀಚರಮ್ಮ ಚೀಲದಿಂದ ತನ್ನ ಪ್ರಬಂಧವನ್ನು ಹೊರಗೆಳೆದಳು. ನೋಡುವುದೇನು, ಪುಟಕ್ಕೆ ಸಂಖ್ಯೆಯೇ ಇಲ್ಲ! ಬೈಂಡರನ ಮುಖ ನೆನಪಾಗಿ ಮತ್ತೆ ಮೈ ಉರಿಯಿತು. ಜೊತೆಯಲ್ಲಿ ತಂದಿದ್ದ ಬೈಂಡಾಗದ ಪ್ರತಿಯನ್ನು ಅದರ ಪಕ್ಕಕ್ಕಿಟ್ಟಳು. ಬೈಂಡಾದದ್ದು ಒಂದು ಬೆರಳು ಗಿಡ್ಡ.

ಟೀಚರಮ್ಮ ತಲೆಯೆತ್ತಿದಳು.

“ರೀ, ಹೊರಗೆ ಕೊಡಲ್ಲ ಅಂದ್ರಿ. ಬೈಂಡಿಂಗಿಗೂ ಕೊಡಲ್ವಾ?”

“ಬೈಂಡಿಂಗಿಗೆ ಬೇರೆ. ಹೋದ ಬೇಸಿಗೆಯಲ್ಲಿ ಒಂದು ಕಟ್ಟು ಹೋಗಿತ್ತು. ಇದೂ ಹೋಗಿತ್ತು, ಬಂತು.”

“ಯಾರ ಹತ್ರ?”

“ಇನ್ಯಾರ ಹತ್ರ? ಗೇಟಿನ ಎದುರಿಗಿರೋನು.”

“ಬಂದ ಮೇಲೆ ಎಲ್ಲಿಟ್ಟಿರಿ?”

“ಎತ್ತರ ನೋಡಿ, ಹಿಡಿಸೋ ಗೂಡಿಗೆ...” ಗ್ರಂಥಪಾಲಕ ಅಲ್ಲಿಗೇ ನಿಂತ.

“ಕಾರ್ಡು ತಿದ್ದಿದ್ರಾ?”

“ಪುಸ್ತಕ ಅದೇ ಅಲ್ವಾ ಮೇಡಂ... ಯಾಕೆ ತಿದ್ದೋದು ಅಂತ...”

“ನಿಮ್ಮ ಪುಸ್ತಕಾನ ಅವನು ಗಿಡ್ಡ ಮಾಡಿದ್ದಾನೆ ಕಣ್ರೀ!”

ಈ ಸಲ ಅವನು ಮೆಲ್ಲಗೆ ಎನ್ನಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ಅವನೇ ಓಡಿದ, ಧಡಧಡ ಸದ್ದು ಮಾಡಿಕೊಂಡು. ಭರಣಿ ಸಾಲಿನ ಗೂಡಿನಲ್ಲಿ, ವ್ಯಾಕರಣ ಪುಸ್ತಕವೊಂದರ ಪಕ್ಕ, ಹೊಸ ಕೆಂಪು ರಟ್ಟು ತೊಟ್ಟು ಆ ಭೂಮಾಪಕ ಏನೂ ಗೊತ್ತಿಲ್ಲದವನಂತೆ ನಿಂತಿದ್ದ.

ಟೀಚರಮ್ಮ ಪುಸ್ತಕವನ್ನು ಕಸಿದುಕೊಂಡು ಕಿಟಕಿಗೆ ಹೋದಳು. ಹಾಳೆ ಮೇಲೆ ಹಾಳೆ ತಿರುವಿದಳು. ಗಾಳಿ, ಮರಳು, ನೀರಿನ ಆಳ, ಭೂಮಾಪಕನ ಹೊಟ್ಟೆನೋವು. ಕೊನೆಗೆ, ಎಡಗಡೆಯ ಪುಟವೊಂದರ ನಡುವೆ, ಅವಳಿಗೆ ಬೇಕಾದದ್ದು ಕಂಡಿತು.

“ಈ ಕಡವಿನಲ್ಲಿ ಹುಟ್ಟು ಹಾಕುವವರೆಲ್ಲ ಹೆಂಗಸರು. ತಡವಾಗಿ ಬಂದವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಆದರೆ ಯಾರನ್ನೂ ದಡದಲ್ಲಿ ಬಿಟ್ಟು ಹೋಗುವುದಿಲ್ಲ.”

ಎರಡನೆಯ, ಮೂರನೆಯ ಮಾತುಗಳು ಅಡಿಟಿಪ್ಪಣಿಯಲ್ಲಿ ಇರಲೇ ಇಲ್ಲ. ಅವಳು ಅದನ್ನು ಗಟ್ಟಿಯಾಗಿ ಓದಿದಳು.

“ಬೈತಾರಂತೆ,” ಎಂದ ಗ್ರಂಥಪಾಲಕ, ಅವಳ ಕಡೆ ಓರೆಗಣ್ಣಲ್ಲಿ ನೋಡುತ್ತ.

“ಬೈಯದೆ ಮುದ್ದು ಮಾಡ್ತಾರಾ?” ಎನ್ನುತ್ತ ಪೆನ್ಸಿಲು ತೆಗೆದು, ಪುಟಸಂಖ್ಯೆ ಬರೆದುಕೊಳ್ಳಲು ಪುಟದ ಅಡಿಗೆ ಕಣ್ಣು ಹಾಯಿಸಿದಳು.

ಅಡಿ ಇರಲಿಲ್ಲ. ಕೊನೆಯ ಸಾಲಿನ ಕೆಳಗೆ ಪುಸ್ತಕ ಮುಗಿದಿತ್ತು. ಮುಂದಿನ ಪುಟ ನೋಡಿದಳು, ಹಿಂದಿನದು ನೋಡಿದಳು. ನೇರವಾಗಿ, ಲಕ್ಷಣವಾಗಿ, ಒಂದು ಸಂಖ್ಯೆಯನ್ನೂ ಉಳಿಸದೆ ಸವರಿದ್ದ.

ಆಗ ಟೀಚರಮ್ಮ ಆಡಿದ ಮಾತುಗಳು ಬರೆಯುವಂಥವಲ್ಲ. ಮೂಲೆಯ ಹುಡುಗಿ ಪುಸ್ತಕ ಮಡಚಿ, ನಾಳೆ ಬರುತ್ತೇನೆಂದು ಜಾಗ ಖಾಲಿ ಮಾಡಿದಳು.

“ಮೊದಲಿಂದ ಎಣಿಸೋಣ,” ಎಂದ ಗ್ರಂಥಪಾಲಕ.

“ಯಾವುದನ್ನ ಒಂದು ಅಂತ ಹಿಡೀತೀರಿ? ಮುನ್ನುಡಿ ಇದೆ, ಅರಿಕೆ ಇದೆ, ನಕ್ಷೆ ಇದೆ. ಅವಕ್ಕೆಲ್ಲ ಸಂಖ್ಯೆ ಇತ್ತೋ ಇಲ್ಲವೋ ಆ ಕತ್ತಿಗೇ ಗೊತ್ತು!”

ಅವನು ಪುಸ್ತಕ ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ತಡೆಯಿತು. ಅಲ್ಲೊಂದು ಹಾಳೆಯ ಕೆಳಮೂಲೆ ಒಳಗೆ ಮಡಚಿಕೊಂಡಿತ್ತು.

“ಯಾವ ಕತ್ತೆ ಮಡಿಸಿದ್ದು ಇದನ್ನ! ಪುಟ ಮಡಿಸಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು...” ಎನ್ನುತ್ತ ಮೂಲೆಯನ್ನು ಬಿಡಿಸಿದ. ಅದು ಪುಸ್ತಕದ ಅಂಚಿನಿಂದ ಆಚೆಗೆ ಪುಟ್ಟ ನಾಲಿಗೆಯಂತೆ ಚಾಚಿಕೊಂಡಿತು. ಮಡಿಕೆಯಲ್ಲಿ ಅಡಗಿ ಕತ್ತಿಯಿಂದ ಪಾರಾದ ಆ ತುದಿಯಲ್ಲಿ ಸ್ಪಷ್ಟವಾಗಿ ತೊಂಬತ್ತೊಂದು ಎಂದಿತ್ತು.

ಇಬ್ಬರೂ ಬಗ್ಗಿ ಅದನ್ನೇ ನೋಡಿದರು.

“ಆ ಕತ್ತೆ ತಣ್ಣಗಿರಲಿ,” ಎಂದಳು ಟೀಚರಮ್ಮ. “ಎಣಿಸಿ.”

ಅಲ್ಲಿಂದ ಮುಂದಕ್ಕೆ ಅವಳು ಎಣಿಸಿದಾಗ ನೂರ ನಲವತ್ತಾರು ಬಂತು. ಅವನು ಎಣಿಸಿದಾಗ ನೂರ ನಲವತ್ತೆಂಟು. ನಡುವೆ ಎಲ್ಲೋ ಬೈಂಡರನ ಗೋಂದಿಗೆ ಎರಡು ಹಾಳೆ ಅಂಟಿಕೊಂಡಿರಬೇಕೆಂದು ಅವನು ಹೇಳಿದ. ನಿಮಗೆ ಎಣಿಸಲು ಬರುವುದಿಲ್ಲವೆಂದು ಅವಳು ಹೇಳಿದಳು. ಇನ್ನೊಮ್ಮೆ ಎಣಿಸಬೇಕಾಯಿತು. ಆದರೆ ಅಷ್ಟರಲ್ಲಿ ಮಳೆ ಬಿತ್ತು, ಕಿಟಕಿ ಮಸುಕಾಯಿತು. ಗ್ರಂಥಪಾಲಕ ತಿರುಗಿ ಬಾಗಿಲ ಮೇಲಿನ ಗೂಡನ್ನು ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ.

“ಮೇಡಂ, ಅಕ್ಷರ ಕಾಣ್ತಿಲ್ಲ.”

“ಏನು?”

“ರೂಲ್ಸು ಮೇಡಂ. ನನ್ನ ಕೈಲಿಲ್ಲ.” ಅವನ ದನಿಯಲ್ಲಿ ನಿಜಕ್ಕೂ ಸಂಕಟವಿತ್ತು.

ಟೀಚರಮ್ಮ ಚೀಲಕ್ಕೆ ಕೈ ಹಾಕಿ ಗಂಡನ ಕನ್ನಡಕ ತೆಗೆದು, ಅವನು ಬೇಡ ಎನ್ನುವಷ್ಟರಲ್ಲಿ ಅವನ ಮೂಗಿನ ಮೇಲೆ ಕೂರಿಸಿದಳು.

“ಈಗ ನೋಡಿ.”

ಗ್ರಂಥಪಾಲಕ ನೋಡಿದ. ಅವನ ಹುಬ್ಬು ಮೆಲ್ಲಗೆ ಮೇಲೇರಿತು. ಬಾಗಿಲ ಮೇಲಿನ ಪುಸ್ತಕದ ಹೆಸರನ್ನು ಒಂದೊಂದೇ ಅಕ್ಷರವಾಗಿ, ಮಗು ಓದುವಂತೆ, ಪೂರ್ತಿ ಓದಿದ. ಅದರ ಪಕ್ಕದ್ದನ್ನೂ ಓದಿದ.

“ಇನ್ನೂ ಬೆಳಕಿದೆ,” ಎಂದ ಬೆರಗಿನಿಂದ.

“ಇಷ್ಟು ವರ್ಷ ಜನರನ್ನ ಬೇಗ ಬೇಗ ಓಡಿಸಿದ್ದೀರಲ್ರೀ! ಕಣ್ಣು ತೋರಿಸ್ಕೊಳ್ಳೋಕೆ ಏನಾಗಿತ್ತು? ಕೂತ್ಕೊಳ್ಳಿ, ಎಣಿಸಿ.”

ಒಬ್ಬರು ಹಾಳೆ ತಿರುವಿ, ಇನ್ನೊಬ್ಬರು ಉಗುರಿನಿಂದ ಅಂಟು ಬಿಡಿಸಿ, ಬಾಯಲ್ಲಿ ಸಂಖ್ಯೆ ಹೇಳುತ್ತ ಎಣಿಸಿದರು. ನಡುವೆ ಎರಡು ಹಾಳೆ ನಿಜಕ್ಕೂ ಅಂಟಿಕೊಂಡಿದ್ದವು. ನೂರ ನಲವತ್ತೆಂಟು. ಟೀಚರಮ್ಮ ಅದನ್ನು ತನ್ನ ಮೂರನೇ ಅಧ್ಯಾಯದಲ್ಲಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ಪೆನ್ಸಿಲು ಮುರಿಯುವಂತೆ ಒತ್ತಿ ಬರೆದಳು. ಜೊತೆಗೆ ಆ ಮೂರೂ ಸಾಲು ಬರೆದುಕೊಂಡಳು.

“ಮೇಡಂ,” ಎಂದ ಗ್ರಂಥಪಾಲಕ, “ಇಲ್ಲೂ ಹಾಕಿಬಿಡಿ ಆ ನಂಬರು. ಮುಂದೆ ಬರೋರು ಪಾಪ.”

“ಪುಸ್ತಕದಲ್ಲಿ ಬರೆಯಬಾರದು ಅಂತ ಕೆಳಗೆ ಬರೆದಿದ್ದೀರಿ.”

“ಬರೆದೋನು ನಾನೇ.”

“ನಿಮ್ಮ ಪುಸ್ತಕದ ಚಾಕರಿ ಎಲ್ಲ ನಾನೇ ಮಾಡ್ಬೇಕಾ? ನನ್ನ ಪುಟಕ್ಕೊಂದು ಹಾಕ್ತೀನಿ. ಮಿಕ್ಕಿದ್ದಕ್ಕೆ ನೀವು ಹಾಕ್ಕೊಳ್ಳಿ, ಕಾರ್ಡೂ ತಿದ್ದಿ.” ಬೈಯುತ್ತಲೇ ಪುಟದ ಅಡಿಯ ಇಕ್ಕಟ್ಟಿನಲ್ಲಿ ಸಣ್ಣದಾಗಿ ನೂರ ನಲವತ್ತೆಂಟು ಎಂದು ಬರೆದಳು. ಗ್ರಂಥಪಾಲಕ ಆ ಮಡಿಸಿದ ಮೂಲೆಯನ್ನು ಹಿಂದಿನಂತೆಯೇ ಒಳಗೆ ಮಡಿಸಿ ಬೆರಳಿನಿಂದ ಒತ್ತಿದ.

ಕೆಳಗೆ ಬುಟ್ಟಿಯಲ್ಲಿ ಫೋನು ಮತ್ತೆ ಅರಚತೊಡಗಿತು.

“ಬಂದೇರೀ!” ಎಂದು ಟೀಚರಮ್ಮ ಮಹಡಿಯಿಂದಲೇ ಕೂಗಿದಳು, ಫೋನಿಗೆ ಕೇಳಿಸುತ್ತದೇನೋ ಎಂಬಂತೆ. ಆಮೇಲೆ ಗ್ರಂಥಪಾಲಕನ ಮುಂದೆ ಕೈ ಚಾಚಿದಳು. “ತೆಗೀರಿ ಕನ್ನಡಕ. ಮನೇಲಿ ಒಬ್ಬರು ಕತ್ತಲಲ್ಲಿ ಕೂತಿದ್ದಾರೆ.”

ಅವನು ಒಲ್ಲದ ಮನಸ್ಸಿನಿಂದ ತೆಗೆದುಕೊಟ್ಟು, ಬಾಗಿಲ ಮೇಲಿನ ಗೂಡಿನತ್ತ ಇನ್ನೊಮ್ಮೆ ನೋಡಿದ.

“ಹಾಗಾದ್ರೆ ಬಂದ್,” ಎಂದ.