ಮೌನಿ ವಕೀಲರ ಕಿವಿಗೆ ಬಿದ್ದದ್ದು

ಆ ಕಾರಿಡಾರಿನ ಬೆಂಚು ನನಗೆ ನಮ್ಮ ಮನೆ ಮಂಚಕ್ಕಿಂತ ಚೆನ್ನಾಗಿ ಗೊತ್ತು. ಎಡಗಡೆ ತುದಿಯಲ್ಲಿ ಕೂತರೆ ಮೊಳೆ ಚುಚ್ಚುತ್ತೆ, ಬಲಗಡೆ ಕೂತರೆ ಶೌಚಾಲಯದ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತೆ. ನಾನು ಬಲಗಡೆಯವಳು. ಯಾಕಂದ್ರೆ ಪಕ್ಕದಲ್ಲಿ ಅತ್ತೆ ಕೂರಬೇಕು, ಅವರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ಆ ಅರ್ಧ ಕಿವಿ ನನ್ನ ಕಡೆ ಇರಬೇಕು. ಇದ್ದರೂ ನಾನು ಕಿರುಚಿಯೇ ಮಾತಾಡಬೇಕು.

ಎದುರಿಗೆ ಒಂದು ಬಾಗಿಲು, ಬಾಗಿಲಿಗೊಬ್ಬ ಪೇದೆ. ಒಳಗೆ ನನ್ನ ಗಂಡನ ಹಣೆಬರಹ ತೀರ್ಮಾನ ಆಗ್ತಿರುತ್ತೆ. ಗಂಡ ಮಾತ್ರ ಅಲ್ಲಿರಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟು ನಿಂತರೆ ಇವರಿಗೇ ಕರೆ ಬರೋದು. ಒಂದು ದಿನ ಬೆಳಿಗ್ಗೆ, ನಾನು ಕೆಲಸ ಮಾಡೋ ಇಸ್ತ್ರಿ ಅಂಗಡಿಗೆ ಹೊರಡೋ ಹೊತ್ತಲ್ಲಿ, ಮನೆ ತುಂಬಾ ಪೊಲೀಸರು ನುಗ್ಗಿ ಇವರನ್ನ ಎತ್ತಾಕ್ಕೊಂಡು ಹೋದ್ರು. ಭಯೋತ್ಪಾದಕರ ಜೊತೆ ನಂಟಿರೋ ಅನುಮಾನ ಅಂತೆ. ಎರಡು ವರ್ಷ ದಾಟಿತು. ಕೇಸಿಲ್ಲ, ವಿಚಾರಣೆಯಿಲ್ಲ, ಮಾಡಿದ ತಪ್ಪೇನು ಅಂತ ಇವತ್ತಿನವರೆಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ಕಳ್ಳನಿಗಾದ್ರೆ ನೀನು ಇಂಥದ್ದು ಕದ್ದೆ ಅಂತಾದ್ರೂ ಹೇಳ್ತಾರೆ. ನಮಗೆ ಆ ಮರ್ಯಾದೆಯೂ ಇಲ್ಲ. ಆರು ತಿಂಗಳಿಗೊಂದ್ಸಲ ಆ ಬಾಗಿಲ ಹಿಂದೆ ಮೂರು ಜನ ನ್ಯಾಯಾಧೀಶರು ಕೂರ್ತಾರೆ, ಕಡತ ನೋಡ್ತಾರೆ, ಇನ್ನೂ ಆರು ತಿಂಗಳು ಇರಲಿ ಅಂತಾರೆ. ಮೊದಮೊದಲು ಅಳ್ತಿದ್ದೆ. ಆಮೇಲೆ ಜಗಳ ಆಡ್ತಿದ್ದೆ. ಈಗ ಬರೋವಾಗ ಫಿನಾಯಿಲ್ ವಾಸನೆಗೆ ಅಂತ ಕರ್ಚೀಫು ತರ್ತೀನಿ, ಅಷ್ಟೇ.

ವಕೀಲರು ಇಲ್ವಾ ಅಂದ್ರೆ, ಇದ್ದಾರೆ, ಇಬ್ಬರು. ಒಬ್ಬರು ನಾವೇ ಇಟ್ಟುಕೊಂಡಿರೋ ವಕೀಲಮ್ಮ. ಒಳ್ಳೆ ಹೆಂಗಸು, ಆದರೆ ಕಡತ ತೆರೆಯೋ ಹೊತ್ತಿಗೆ ಅವರನ್ನೂ ನಮ್ಮ ಜೊತೆ ಆಚೆ ಕಳಿಸ್ತಾರೆ. ದೇಶದ ಗುಟ್ಟು ಅಂತೆ, ಅವರು ಕೇಳಬಾರದಂತೆ. ಹಾಗಂತ ಒಳಗೆ ನಮ್ಮವರ ಪರ ಒಬ್ಬರೂ ಇಲ್ಲ ಅನ್ನಿಸಬಾರದಲ್ಲ, ಅದಕ್ಕೆ ಇನ್ನೊಬ್ಬ ವಕೀಲರನ್ನ ಸರ್ಕಾರವೇ ಕೊಟ್ಟಿದೆ. ಅವರು ಕಡತ ಓದಬಹುದು, ಒಳಗೆ ನಮ್ಮ ಪರ ವಾದ ಮಾಡಬಹುದು. ಒಂದೇ ಷರತ್ತು. ಕಡತ ತೆರೆಯೋ ಮುಂಚೆ ನಮ್ಮ ಜೊತೆ ಎಷ್ಟು ಬೇಕಾದ್ರೂ ಮಾತಾಡಬಹುದು. ತೆರೆದ ಮೇಲೆ ಒಂದಕ್ಷರ ಆಡೋ ಹಾಗಿಲ್ಲ. ನಾವಾಗಿ ಹೋಗಿ ಮಾತಾಡಿಸಿದ್ರೂ ಅವರನ್ನ ಕೇಸಿಂದ ತೆಗೆದು ಹಾಕ್ತಾರೆ, ಎಲ್ಲಾ ಮತ್ತೆ ಮೊದಲಿಂದ.

ಅತ್ತೆ ಅವರಿಗೆ ಮೌನಿ ವಕೀಲರು ಅಂತ ಹೆಸರಿಟ್ಟಿದ್ದಾರೆ. "ರೋಗಿಯನ್ನ ಮುಟ್ಟದೆ ಔಷಧಿ ಕೊಡೋ ಡಾಕ್ಟರು ಕಣೇ ಇವನು" ಅಂತಾರೆ.

ಬಾಯಿಗೆ ಬೀಗ ಬೀಳೋ ಮುಂಚೆ ಅವರು ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಬಂದವರು ಸಂಜೆವರೆಗೂ ಕೂತರು. "ಏನು ಮುಖ್ಯ, ಏನು ಅಲ್ಲ ಅಂತ ನೀವು ಯೋಚನೆ ಮಾಡ್ಬೇಡಿ, ಎಲ್ಲಾ ಹೇಳಿ" ಅಂದ್ರು. ಏನು ಆರೋಪ ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕತ್ತಲಲ್ಲಿ ಮೂರು ಜನ ತಡಕಾಡಿದ ಹಾಗಿತ್ತು. ನಾನು ಹೇಳಿದೆ, ಅತ್ತೆ ಹೇಳಿದ್ರು. ಇವರ ಗೆಳೆಯರು, ಟೂಲ್ ಬಾಕ್ಸು, ಮನೆ ಮಾಲೀಕನ ಜೊತೆ ನೀರಿಗಾಗಿ ಆದ ಜಗಳ, ಕೊನೆಗೆ ನಿದ್ದೆಯಲ್ಲಿ ಕನವರಿಸೋದು ಕೂಡ. ಮನೆಯಲ್ಲಿ ಯಾರ್ಯಾರು ಅಂತ ಕೇಳಿದ್ರು. "ನಾವು ಮೂವರು. ಒಬ್ಬರು ಭಾವ ಇದ್ದಾರೆ, ಇವರ ಅಣ್ಣ, ಹಡಗಲ್ಲಿ ಕೆಲಸ, ಹೊರದೇಶ" ಅಂದೆ. ಜೈಲಿಗೆ ಹೋಗಿ ಇವರನ್ನೂ ಕೇಳಿದ್ರಂತೆ. ಇವರೂ ಅದನ್ನೇ ಹೇಳಿದ್ದಾರೆ. ಇಬ್ಬರಿಗೂ ಅದು ಬಾಯಿಪಾಠ.

ಅವತ್ತು ಆ ಸಲದ ಕಡತ ನೋಡೋ ಕೊನೆ ದಿನ. ಮಧ್ಯಾಹ್ನದ ಬಿಡುವು ಮುಗಿದ ಮೇಲೆ ಆದೇಶ ಅಂದ್ರು. ವಕೀಲಮ್ಮನಿಗೆ ಕೆಳಗೆ ಇನ್ನೊಂದು ಕೇಸಿತ್ತು, ಹೋಗಿದ್ದರು. ಮೌನಿ ವಕೀಲರು ಒಳಗಿಂದ ಬಂದವರು ನಮ್ಮ ಎದುರು ಬೆಂಚಲ್ಲೇ ಕೂತರು. ಬೇರೆ ಬೆಂಚು ಖಾಲಿ ಇರಲಿಲ್ಲ. ಡಬ್ಬಿ ತೆಗೆದು ಬೇಯಿಸಿದ ಮೊಟ್ಟೆ ಸುಲಿಯೋಕೆ ಶುರು ಮಾಡಿದ್ರು. ಕಣ್ಣು ನೆಲದ ಮೇಲೆ. ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಸೋತ ಮುಖ. ಈ ಮನುಷ್ಯನಿಗೆ ಎಲ್ಲಾ ಗೊತ್ತು, ನನ್ನ ಗಂಡ ಏನು ಮಾಡಿದ ಅಂತ ಗೊತ್ತು, ಅದು ನಿಜವಾ ಸುಳ್ಳಾ ಅಂತ ನನ್ನನ್ನ ಒಂದು ಮಾತು ಕೇಳಿದ್ರೆ ಮುಗೀತು. ಕೇಳೋ ಹಾಗಿಲ್ಲ. ಮೊಟ್ಟೆ ಸುಲೀತಾ ಕೂರಬಹುದು.

ಆಗ ನನಗೊಂದು ಬುದ್ಧಿ ಬಂತು. ಮಾತಾಡಬಾರದು ಅಂದಿದ್ದಾರೆ, ಕೇಳಿಸಿಕೊಳ್ಳಬಾರದು ಅಂದಿಲ್ಲವಲ್ಲ. ನಾನು ಅತ್ತೆ ಜೊತೆ ಮಾತಾಡೋದನ್ನ ಯಾವ ಕಾನೂನು ತಡೆಯುತ್ತೆ? ಅವರ ಕಿವಿಯ ಪುಣ್ಯದಿಂದ ಇಡೀ ಕಾರಿಡಾರಿಗೆ ಕೇಳಿಸುತ್ತೆ.

"ಅತ್ತೆ, ಇವರು ಆ ಬ್ಯಾಂಕಿನ ಲಿಫ್ಟ್ ರಿಪೇರಿಗೆ ಹೋದಾಗ ವೈರು ತಂದಿದ್ರಲ್ಲ, ಅದು ನಮ್ಮ ಮನೆ ಫ್ಯಾನಿಗೆ ಹಾಕಿದ್ದು, ನೆನಪಿದೆಯಾ?" ಅಂತ ಕಿರುಚಿದೆ.

"ಈಗ್ಯಾಕೇ ಫ್ಯಾನಿನ ವಿಷಯ?"

"ಸುಮ್ಮನೆ ಹೇಳಿದೆ. ಮನೆ ಮಾಲೀಕ ಇವರ ಮೇಲೆ ಚಾಡಿ ಹೇಳ್ತೀನಿ ಅಂದಿದ್ದು ನೀರಿನ ಜಗಳಕ್ಕೇ ಅಲ್ವಾ?"

ಮೊಟ್ಟೆ ಸುಲಿಯೋದು ನಡೀತಾನೇ ಇತ್ತು. ಪೇದೆ ಒಂದ್ಸಲ ನನ್ನ ಕಡೆ ನೋಡಿ, ಮುದುಕಿ ಜೊತೆ ಸೊಸೆ ಒದರಾಡ್ತಿದ್ದಾಳೆ ಅಂತ ಆಕಳಿಸಿದ. ನಾನು ಇವರ ಗೆಳೆಯರನ್ನ ಒಬ್ಬೊಬ್ಬರನ್ನೇ ಎಳೆದು ತಂದೆ. ಓದೋ ಪೇಪರು, ನೋಡೋ ಟೀವಿ, ಹೋದ ಮದುವೆ ಮನೆ. ಏನೂ ತಗುಲಲಿಲ್ಲ. ಗಂಟಲು ಒಣಗಿತು. ಬಿಡುವು ಮುಗೀತಾ ಬಂತು.

ಅತ್ತೆಗೆ ಬೇಜಾರು ಬಂದಿರಬೇಕು, ತಮ್ಮ ದಿನದ ಪಾಠ ಶುರು ಮಾಡಿದ್ರು. "ಇದೆಲ್ಲಾ ಬಿಡು. ದೊಡ್ಡೋನಿದ್ದಾನಲ್ಲ, ಹೇಡಿ. ತಮ್ಮನನ್ನ ಹಿಡಿದುಕೊಂಡು ಹೋಗಿದ್ದೇ ತಡ, ಫೋನ್ ನಿಲ್ಲಿಸಿಬಿಟ್ಟ. ಶುಕ್ರವಾರ ಸಂಜೆ ತಪ್ಪದೆ ಮಾಡ್ತಿದ್ದ. ತನಗೆಲ್ಲಿ ಅಂಟಿಕೊಳ್ಳುತ್ತೋ ಅಂತ ಬಾಲ ಮುದುರಿಕೊಂಡು ಕೂತವ್ನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದೋನಾ ಅವನು?"

ಮೌನಿ ವಕೀಲರ ಕೈ ನಿಂತಿತು. ಅರ್ಧ ಸುಲಿದ ಮೊಟ್ಟೆ, ಅರ್ಧ ಚಿಪ್ಪು. ತಲೆ ಎತ್ತಿ ಅತ್ತೆಯನ್ನ ನೋಡಿದ್ರು, ನನ್ನನ್ನ ನೋಡಿದ್ರು, ತಟ್ಟನೆ ಕಣ್ಣು ಕೆಳಗೆ ಹಾಕಿದ್ರು. ಆದರೆ ಕೈ ಮಾತ್ರ ಮುಂದೆ ಹೋಗಲಿಲ್ಲ.

ಭಾವನ ಫೋನಿನ ಮಾತಿಗೇ ಆ ಕೈ ನಿಂತದ್ದು.

ಭಾವ ಇಲ್ಲ. ಅವರು ಸತ್ತು ಐದು ವರ್ಷ. ಯಾವುದೋ ದೂರದ ಬಂದರಲ್ಲಿ ಜ್ವರ ಬಂದು ಹೋದ್ರು, ಅಲ್ಲೇ ಮಣ್ಣು ಮಾಡಿದ್ರು. ಸುದ್ದಿ ಬಂದಾಗ ಅತ್ತೆ ಹೃದಯದ ಆಪರೇಷನ್ ಆಗಿ ಮಲಗಿದ್ದರು, ಆಘಾತ ಆಗೋ ಹಾಗಿಲ್ಲ ಅಂದಿದ್ರು ಡಾಕ್ಟರು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಅಂದುಕೊಂಡ್ವಿ. ಆ ಶುಕ್ರವಾರ ಫೋನ್ ಬರದೆ ಅತ್ತೆ ಒದ್ದಾಡಿದ್ದನ್ನ ನೋಡೋಕಾಗದೆ ಇವರು ಭಾವ ಬಿಟ್ಟು ಹೋಗಿದ್ದ ಹಳೇ ಸಿಮ್ ಹಾಕಿ, ಕೆಲಸದ ಕಟ್ಟಡದ ಮೇಲೆ ಲಿಫ್ಟಿನ ಮೋಟಾರು ಕೋಣೆಗೆ ಹೋಗಿ, ಅಣ್ಣನ ದನಿಯಲ್ಲಿ ಮಾತಾಡಿದ್ರು. "ಏನ್ ಮುದುಕಿ, ಬದುಕಿದ್ಯಾ?" ಅಂತ. ಭಾವ ಹಾಗೇ ಶುರು ಮಾಡ್ತಿದ್ದದ್ದು. ಅತ್ತೆಗಿರೋದು ಅರ್ಧ ಕಿವಿ, ಹಿಂದೆ ಮೋಟಾರಿನ ಗುಂಯ್ ಅನ್ನೋ ಸದ್ದು. ಹಡಗಿನ ಸದ್ದು ಅಂತಲೇ ನಂಬಿದ್ರು. ಆಮೇಲೆ ಹೇಳೋ ದಿನ ಬರಲೇ ಇಲ್ಲ. ಪ್ರತಿ ಶುಕ್ರವಾರ ಯಾವ ಕಟ್ಟಡದಲ್ಲಿ ಕೆಲಸವೋ ಆ ಕಟ್ಟಡದ ನೆತ್ತಿಯಿಂದ ಭಾವ ಮಾತಾಡ್ತಿದ್ರು.

ಇವರನ್ನ ಹಿಡಿಯೋಕೆ ಬಂದ ಬೆಳಿಗ್ಗೆ ನೂರೆಂಟು ಪ್ರಶ್ನೆ ಕೇಳಿದ್ರು. ಅದರಲ್ಲಿ ಒಂದು, ನಿನ್ನ ಅಣ್ಣ ಎಲ್ಲಿ ಅಂತ. ಅತ್ತೆ ಪಕ್ಕದಲ್ಲೇ ನಿಂತಿದ್ರು. ಇವರು "ಹಡಗಲ್ಲಿದ್ದಾನೆ, ವಾರ ವಾರ ಫೋನ್ ಮಾಡ್ತಾನೆ" ಅಂದ್ರು. ನಾನೂ ಹೌದು ಅಂದೆ. ಆಮೇಲೆ ಆ ಪ್ರಶ್ನೆಯನ್ನ ಯಾರೂ ಎತ್ತಲಿಲ್ಲ, ಹಾಗಾಗಿ ನಾವೂ ಮರೆತ್ವಿ. ಈಗ ಆ ನಿಂತ ಕೈ ನೋಡ್ತಾ ಇದ್ದ ಹಾಗೆ ಎಲ್ಲಾ ಒಟ್ಟಿಗೆ ತಲೆಗೆ ಹೊಳೀತು. ಹಡಗಲ್ಲಿದ್ದಾನೆ ಅಂದ ಅಣ್ಣನ ಸಿಮ್ಮು ಇದೇ ಊರಿಂದ ಮಾತಾಡಿದ್ರೆ ಪೊಲೀಸರು ಇನ್ನೇನು ಅಂದುಕೊಳ್ತಾರೆ? ಅಣ್ಣ ಗುಟ್ಟಾಗಿ ವಾಪಸ್ ಬಂದಿದ್ದಾನೆ, ಇವತ್ತು ಬ್ಯಾಂಕಿನ ನೆತ್ತಿ, ನಾಳೆ ಸರ್ಕಾರಿ ಕಚೇರಿಯ ನೆತ್ತಿ ಅಂತ ಅಡಗಿಕೊಂಡು ಫೋನ್ ಮಾಡ್ತಿದ್ದಾನೆ, ತಮ್ಮ ಅವನನ್ನ ಬಚ್ಚಿಟ್ಟಿದ್ದಾನೆ. ಅವರ ಕಣ್ಣಿಂದ ನೋಡಿದ್ರೆ ನನಗೇ ಅನುಮಾನ ಬರ್ತಿತ್ತು.

ಒಳಗೆ ಕುರ್ಚಿ ಎಳೆಯೋ ಸದ್ದಾಯ್ತು. ಪೇದೆ ಬಾಗಿಲ ಹಿಡಿಗೆ ಕೈ ಹಾಕಿದ. ಹೇಳಿದ್ರೆ ಅತ್ತೆಗೆ ಏನಾಗುತ್ತೋ. ಹೇಳದಿದ್ರೆ ಗಂಡ ಇನ್ನೂ ಆರು ತಿಂಗಳು, ಆಮೇಲೆ ಇನ್ನೂ ಆರು ತಿಂಗಳು. ಮೆಲ್ಲಗೆ ಹೇಳೋ ಹಾಗೂ ಇಲ್ಲ. ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ್ರೆ ಅದು ವಕೀಲರಿಗೇ ಹೇಳಿದ ಹಾಗಾಗುತ್ತೆ, ಅವರನ್ನ ಕೇಸಿಂದ ತೆಗೀತಾರೆ. ಅತ್ತೆಯ ಕೈ ಹಿಡ್ಕೊಂಡೆ.

"ಅತ್ತೆ, ಭಾವ ಹೇಡಿ ಅಲ್ಲ. ಭಾವ ಇಲ್ಲ."

"ಎಲ್ಲಿಲ್ಲ?"

"ತೀರಿಹೋಗಿದ್ದಾರೆ. ನಿಮಗೆ ಆಪರೇಷನ್ ಆದ ವಾರ, ಹಡಗಲ್ಲಿ ಜ್ವರ ಬಂದು. ಬಂದರಿನ ಆಸ್ಪತ್ರೆಯವರು ಕೊಟ್ಟ ಕಾಗದ ನನ್ನ ಟ್ರಂಕಲ್ಲಿದೆ. ಆಮೇಲೆ ಶುಕ್ರವಾರ ಫೋನ್ ಮಾಡ್ತಿದ್ದದ್ದು ನಿಮ್ಮ ಚಿಕ್ಕ ಮಗ. ಭಾವನ ಹಳೇ ಸಿಮ್ಮಿಂದ. ಲಿಫ್ಟಿನ ಮೋಟಾರು ಕೋಣೆಯಿಂದ. ನಿಮಗೆ ನೋವಾಗಬಾರದು ಅಂತ."

ಒಂದೊಂದು ಮಾತನ್ನೂ ಕಿರುಚಿ ಹೇಳಬೇಕಾಯ್ತು. ಸಾವಿನ ಸುದ್ದಿಯನ್ನ ಯಾರೂ ಹಾಗೆ ಹೇಳಬಾರದು, ಅದೂ ಒಬ್ಬ ತಾಯಿಗೆ. ಮೌನಿ ವಕೀಲರು ಎದ್ದರು. ನನ್ನ ಕಡೆ ನೋಡಲಿಲ್ಲ. ಡಬ್ಬಿಯನ್ನ ಬೆಂಚಿನ ಮೇಲೇ ಬಿಟ್ಟು ಒಳಗೆ ಹೋದ್ರು, ಹೆಚ್ಚುಕಡಿಮೆ ಓಡಿದ್ರು.

ಅತ್ತೆ ಅಳಲಿಲ್ಲ. ಎದೆ ಹಿಡ್ಕೊಳ್ಳಲಿಲ್ಲ. ನಾನು ನೀರಿನ ಬಾಟಲಿ ಹಿಡಿದು ಕಾಯ್ತಾ ಇದ್ದೆ. "ಎರಡು ವರ್ಷದಿಂದ ಸತ್ತವನಿಗೆ ಬೈತಿದ್ದೀನಲ್ಲೇ" ಅಂದ್ರು. "ಒಂದು ಮಾತು ಹೇಳಬಾರದಿತ್ತಾ? ಬೈಯೋದನ್ನಾದ್ರೂ ಬಿಡ್ತಿದ್ದೆ."

ಅವತ್ತು ಆದೇಶ ಬರಲಿಲ್ಲ, ಮುಂದೂಡಿದ್ರು. ವಕೀಲಮ್ಮ ಬಂದು ಟ್ರಂಕಿನಲ್ಲಿದ್ದ ಕಾಗದ ತಗೊಂಡು ಹೋದ್ರು. ಕೆಲವು ವಾರ ಕಳೆದು ಇವರನ್ನ ಬಿಟ್ಟರು. ತಪ್ಪಾಯ್ತು ಅಂತ ಒಬ್ಬರೂ ಅನ್ನಲಿಲ್ಲ. ಯಾಕೆ ಹಿಡಿದಿದ್ರಿ ಅಂದ್ರೆ ಅದು ಗುಟ್ಟು, ಯಾಕೆ ಬಿಟ್ಟಿರಿ ಅಂದ್ರೆ ಅದೂ ಗುಟ್ಟು. ನನಗೆ ಗೊತ್ತಿರೋದು ಒಂದೇ, ಆ ಮಧ್ಯಾಹ್ನ ಒಂದು ಮೊಟ್ಟೆ ಅರ್ಧಕ್ಕೆ ನಿಂತಿತ್ತು. ಬಿಟ್ಟರೂ ಪೂರ್ತಿ ಬಿಟ್ಟಿಲ್ಲ. ಕತ್ತಲಾದ ಮೇಲೆ ಹೊರಗೆ ಹೋಗಬಾರದು, ವಾರಕ್ಕೆರಡು ಸಲ ಠಾಣೆಗೆ ಮುಖ ತೋರಿಸಬೇಕು, ಮನೆಯಲ್ಲಿ ಫೋನ್ ಇರಬಾರದು. ಇವರನ್ನ ಬಿಡಿಸಿಕೊಂಡು ಬರೋವಾಗ ಮೌನಿ ವಕೀಲರು ಕೋರ್ಟಿನ ಮೆಟ್ಟಿಲ ಹತ್ತಿರ ಸಿಕ್ಕಿದ್ರು. ಅವರ ಬಾಯಿಗೆ ಇನ್ನೂ ಬೀಗ. ನಾನು ತೊಳೆದು ತಂದಿದ್ದ ಅವರ ಡಬ್ಬಿಯನ್ನ ಪೇದೆಯ ಕೈಲಿ ಕೊಡಿಸಿದೆ.

ಮನೆಗೆ ಬಂದ ಇವರು ಮಾತೇ ಮರೆತವರ ಹಾಗಿದ್ರು. ಊಟಕ್ಕೆ ಕರೆದ್ರೆ ಎದ್ದು ನಿಲ್ತಾರೆ, ಹೇಳೋವರೆಗೆ ಕೂರಲ್ಲ. ಅತ್ತೆಗೆ ಗೊತ್ತಾಗಿದೆ ಅಂತ ನಾನು ಮೊದಲೇ ಹೇಳಿದ್ದೆ. ತಾಯಿ ಮಗ ಇಬ್ಬರೂ ಆ ವಿಷಯ ಎತ್ತಲಿಲ್ಲ, ಒಬ್ಬರ ಮುಖ ಒಬ್ಬರು ನೋಡದೆ ನಾಲ್ಕು ದಿನ ಕಳೆದ್ರು.

ಶುಕ್ರವಾರ ಸಂಜೆ ಆಯ್ತು. ನಾನು ಅಂಗಡಿಯಿಂದ ತಂದ ಅಂಗಿಗಳನ್ನ ಮಡಿಸ್ತಿದ್ದೆ. ಅತ್ತೆ ಎದ್ದು ಹೋಗಿ, ಮೊದಲು ಫೋನ್ ಇರ್ತಿದ್ದ ಸ್ಟೂಲಿನ ಪಕ್ಕದ ಕುರ್ಚಿಯಲ್ಲಿ ಕೂತು, ಮಗನನ್ನ ಕರೆದ್ರು.

"ಇಲ್ಲಿ ಬಾರೋ, ಈ ಕಡೆ ಕೂತ್ಕೋ. ಬಲಗಡೆ."

ಇವರು ಹೋಗಿ ನೆಲದ ಮೇಲೆ ಕೂತರು.

"ಒಂದೇ ಒಂದ್ಸಲ ಅವನಾಗಿ ಮಾತಾಡು. ಅವನಿಗೊಂದು ಮಾತು ಹೇಳೋದಿದೆ."

ಇವರು ತಲೆ ಅಲ್ಲಾಡಿಸಿದ್ರು. "ಆಗಲ್ಲಮ್ಮ. ಆ ದನಿ ಬರಲ್ಲ ಇನ್ನು."

"ಬರುತ್ತೆ. ನನಗೆ ಕೇಳಿಸೋದೇ ಅರ್ಧ. ಅರ್ಧ ಬಂದ್ರೆ ಸಾಕು."

ನಾನು ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಕೊನೆಗೆ ಇವರು ಗಂಟಲು ಸರಿಮಾಡಿಕೊಂಡ್ರು.

"ಏನ್ ಮುದುಕಿ, ಬದುಕಿದ್ಯಾ?"

ಅತ್ತೆ ಕಣ್ಣು ಮುಚ್ಚಿಕೊಂಡ್ರು. "ಬದುಕಿದ್ದೀನಿ ಕಣೋ" ಅಂದ್ರು. "ನಿನಗೆ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ. ನಿನ್ನ ತಮ್ಮ ಮನೆಗೆ ಬಂದಿದ್ದಾನೆ, ಇನ್ನು ನೀನು ಫೋನ್ ಮಾಡಬೇಡ."