ಇಳಿಜಾರು

ಕಾರ್ಖಾನೆಯ ಯಜಮಾನ ಜೊಂಡಕ್ಕನ ಕಚೇರಿಯ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ತಂದಿದ್ದ ಕಾಗದವನ್ನು ಮೂರನೇ ಸಲ ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. ಮೂರನೇ ಸಲವೂ ಅವಳು ಅದನ್ನು ಮುಟ್ಟಲಿಲ್ಲ. ಅದರಲ್ಲಿ ಏನಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಅವನ ಕಾರ್ಖಾನೆಯಿಂದ ಹೊರಬೀಳುವ ನೀರು ಒಂದು ವರ್ಷದೊಳಗೆ ತಿಳಿಯಾಗಬೇಕು, ಇಲ್ಲದಿದ್ದರೆ ಸರ್ಕಾರದ ಬೀಗ.

"ನಿನ್ನ ಹೆಸರು ಎಲ್ಲರೂ ಹೇಳಿದ್ರಮ್ಮ," ಎಂದ ಯಜಮಾನ. "ಆಸ್ಪತ್ರೆಯ ಬಟ್ಟೆ ಒಗೆಯೋ ನೀರನ್ನ ನೀನೇ ತಿಳಿ ಮಾಡಿ ಕೊಟ್ಟೆಯಂತೆ. ನಮಗೂ ಒಂದು ದಾರಿ ಮಾಡು."

ಪಕ್ಕದಲ್ಲಿ ಕೂತಿದ್ದ ಅವನ ಸೊಸೆ ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಿದ್ದಳು. ಹಾಲಿನ ಡೈರಿ, ಹೋಟೆಲು, ಆಸ್ಪತ್ರೆ, ಎಲ್ಲ ಕಡೆಯೂ ಜಲ್ಲಿ ತುಂಬಿದ ಉದ್ದನೆಯ ಪಾತಿಗಳು, ಅವುಗಳಲ್ಲಿ ಆಳೆತ್ತರ ನಿಂತ ಜೊಂಡು. ಕೊಳೆನೀರು ಆ ಬೇರುಗಳ ನಡುವೆ ನಿಧಾನಕ್ಕೆ ಹಾದು ಇನ್ನೊಂದು ತುದಿಯಲ್ಲಿ ತಿಳಿಯಾಗಿ ಬರುತ್ತಿತ್ತು. ವರ್ಷಕ್ಕೆರಡು ಸಲ ಕೊಯ್ದ ಜೊಂಡಿನಿಂದ ಹದಿನಾಲ್ಕು ಹೆಂಗಸರು ಚಾಪೆ ಹೆಣೆಯುತ್ತಿದ್ದರು. ಈ ವ್ಯಾಪಾರ ಶುರುಮಾಡಿದಾಗ ನಕ್ಕವರೇ ಈಗ ಅವಳನ್ನು ಜೊಂಡಕ್ಕ ಎಂದು ಕರೆಯುತ್ತಿದ್ದರು.

ಇಪ್ಪತ್ತೆರಡು ವರ್ಷ ಅವಳು ಈ ಗಳಿಗೆಗೆ ಕಾದಿದ್ದಳು. ಹೇಳಬೇಕಾದ ಮಾತನ್ನು ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಜ್ವರ ಬಂದು ಮಲಗಿದ್ದಾಗ ಮನಸ್ಸಿನಲ್ಲೇ ಆಡಿ ಆಡಿ ನಯ ಮಾಡಿಕೊಂಡಿದ್ದಳು.

"ನಮ್ಮಪ್ಪ ನಿಮ್ಮಲ್ಲೇ ಕೆಲಸಕ್ಕಿದ್ರು. ನೀಲಿ ತೊಟ್ಟಿ ಹತ್ರ. ಕೆಳಗಿನ ಬೀದಿ ಬಾವಿಗಳಲ್ಲಿ ನೀರು ಕೆಂಪಾಗಿದೆ ಅಂತ ನಿಮಗೆ ಹೇಳಿದ್ರು. 'ಬಾವಿ ಕಾಯೋ ಕೆಲಸ ಬೇಕಾದ್ರೆ ಬೇರೆ ಕಡೆ ಹುಡುಕ್ಕೋ' ಅಂತ ಎಲ್ಲರ ಮುಂದೆ ಹೊರಗೆ ಹಾಕಿದ್ರಿ. ಬೇರೆ ಯಾರೂ ಅವರನ್ನ ಸೇರಿಸಿಕೊಳ್ಳದ ಹಾಗೆ ನೋಡ್ಕೊಂಡ್ರಿ. ಮೂರು ವರ್ಷ ಕಲ್ಲು ಒಡೆದು ಸತ್ರು. ಸಾಯುವಾಗಲೂ ಉಗುರು ನೀಲಿಯಾಗೇ ಇತ್ತು."

ಯಜಮಾನ ಕಣ್ಣು ಮಿಟುಕಿಸಿದ. "ನೂರಾರು ಜನ ಬಂದ್ರು, ಹೋದ್ರು. ಯಾರನ್ನ ಅಂತ ನೆನಪಿಟ್ಕೊಳ್ಳಲಿ? ನನಗೆ ನೆನಪಿಲ್ಲಮ್ಮ. ಆದ್ರೂ ತಪ್ಪಾಗಿದ್ರೆ ಕ್ಷಮಿಸಿಬಿಡು."

ಬಸ್ಸಿನ ಕಂಡಕ್ಟರಿಗೆ ಚಿಲ್ಲರೆ ಕೊಟ್ಟಷ್ಟು ಸುಲಭವಾಗಿ ಅವನು ಕ್ಷಮೆ ಕೇಳಿದ್ದ. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಇಷ್ಟು ವರ್ಷ ಮಸೆದ ಕತ್ತಿಯನ್ನು ಹತ್ತಿಯ ಮೂಟೆಗೆ ಬೀಸಿದಂತಾಗಿತ್ತು. ಆಗಲೇ ಅವಳು ಕಾಗದವನ್ನು ಎತ್ತಿಕೊಂಡಿದ್ದು.

"ಮಾಡ್ತೀನಿ. ಆದ್ರೆ ನಾನು ಹೇಳಿದ ಹಾಗೆ ಆಗಬೇಕು."

ಮಾರನೆಯ ವಾರ ಅವಳು ಮತ್ತು ಅವಳ ಗೆಳತಿ ಜಾಗ ಅಳೆಯಲು ಹೋದರು. ವ್ಯಾಪಾರದಲ್ಲಿ ಇಬ್ಬರದೂ ಸಮಪಾಲು. ಗೆಳತಿ ಓದಿದ ಎಂಜಿನಿಯರು, ಅಳತೆ, ನಕ್ಷೆ ಎಲ್ಲ ಅವಳದು. ಮಣ್ಣು, ಬೇರು, ಜನ ಜೊಂಡಕ್ಕನದು. ಕಾರ್ಖಾನೆಯ ಹಿಂದೆ ಮುರಿದ ಯಂತ್ರಗಳು ಬಿದ್ದಿದ್ದ ಎರಡು ಎಕರೆ ಬಯಲಿತ್ತು. ಮುಂದೆ, ಸ್ವಲ್ಪ ತಗ್ಗಿನಲ್ಲಿ, ಯಜಮಾನನ ಬಂಗಲೆ. ಅದರ ಎದುರು ಹಸಿರು ಹುಲ್ಲಿನ ಹಾಸು, ಸಾಲು ಗುಲಾಬಿ, ಸಂಜೆ ಅವನು ಕೂರುವ ಬೆತ್ತದ ಕುರ್ಚಿ. ಜೊಂಡಕ್ಕ ಗುಲಾಬಿ ಸಾಲಿನ ನಡುವೆ ಹೋಗಿ ಗೂಟ ಹೊಡೆದಳು.

ಗೆಳತಿ ಓಡಿಬಂದು ಪಿಸುಗುಟ್ಟಿದಳು. "ತಲೆ ಕೆಟ್ಟಿದೆಯೇನೇ? ಹಿಂದೆ ಬೇಕಾದಷ್ಟು ಜಾಗ ಬಿದ್ದಿದೆ. ಒಂದು ಸಣ್ಣ ಪಂಪು ಇಟ್ರೆ ಮುಗೀತು."

"ಪಂಪಿಗೆ ಕರೆಂಟು ಬೇಕು. ಇಳಿಜಾರಿಗೆ ಏನೂ ಬೇಡ."

"ನನ್ನ ಹತ್ರ ಆಟ ಬೇಡ ಕಣೇ. ಇದು ಇಳಿಜಾರಿನ ಮಾತಲ್ಲ."

"ನೀರು ತಗ್ಗಿಗೇ ಹೋಗೋದು. ಅವನು ತಗ್ಗಲ್ಲಿ ಮನೆ ಕಟ್ಟಿದ್ರೆ ನಾನೇನು ಮಾಡ್ಲಿ?" ಎಂದು ಅವಳು ಎರಡನೇ ಗೂಟವನ್ನು ಬೆತ್ತದ ಕುರ್ಚಿಯ ಪಕ್ಕದಲ್ಲೇ ಹೊಡೆದಳು. ಸುತ್ತಿಗೆಯ ಏಟು ಅಗತ್ಯಕ್ಕಿಂತ ಜೋರಾಗಿತ್ತು.

ಕರಾರನ್ನು ಸೊಸೆ ಎರಡು ಸಲ ಓದಿದಳು. ನೀರು ಹೊರಬಿಡುವ ವಾಲ್ವಿನ ಕೀಲಿ ಜೊಂಡಕ್ಕನ ಹತ್ತಿರ ಇರಬೇಕು, ದಿನಾ ಬೆಳಿಗ್ಗೆ ಅವಳು ನೀರು ನೋಡಿ ಸರಿ ಎಂದ ಮೇಲೇ ತೊಟ್ಟಿಗಳಿಗೆ ಬಣ್ಣ ಬೀಳಬೇಕು, ಅವಳು ನಿಲ್ಲಿಸಿದ ದಿನಗಳಿಗೂ ಕೆಲಸಗಾರರಿಗೆ ಪೂರ್ತಿ ಕೂಲಿ ಸಿಗಬೇಕು. ಸೊಸೆ ತಲೆಯೆತ್ತಿ ಅವಳನ್ನೇ ಒಂದು ಕ್ಷಣ ನೋಡಿ, ಮಾವನ ಮುಂದೆ ಪೆನ್ನು ಇಟ್ಟಳು.

ಗುಲಾಬಿಗಳನ್ನು ಕಿತ್ತರು. ಮೊದಲು ಗಸಿ ಇಳಿಯುವ ದೊಡ್ಡ ತೊಟ್ಟಿ, ಆಮೇಲೆ ಒಂದರ ಕೆಳಗೊಂದು ಐದು ಪಾತಿ. ಜೊಂಡು ಬೇರು ಹಿಡಿಯುವ ತನಕ ನಾಲ್ಕು ತಿಂಗಳು ಆ ನೀರು ಬಂಗಲೆಯ ಮುಂದೆ ಹಳೆ ರಕ್ತದ ಬಣ್ಣಕ್ಕೆ ತಿರುಗಿ ನಿಂತು ನಾರಿತು. ಯಜಮಾನ ಕಿಟಕಿ ಮುಚ್ಚಿದ. ಬಾಗಿಲ ಸಂದಿಗೆ ಬಟ್ಟೆ ತುರುಕಿದ. ಊಟಕ್ಕೆ ಕೂತರೆ ಗಂಟಲಿಗಿಳಿಯುವುದಿಲ್ಲವೆಂದು ಸೊಸೆಯ ಹತ್ತಿರ ಗೊಣಗಿದನಂತೆ. ಕೆಳಗಿನ ಬೀದಿಯವರು ಮೂವತ್ತು ವರ್ಷ ಉಂಡಿದ್ದು ಇದೇ ನಾತದ ನಡುವೆ. ದಿನಾ ಬೆಳಿಗ್ಗೆ ಆ ಮುಚ್ಚಿದ ಕಿಟಕಿಗಳ ಕೆಳಗೆ ನಿಂತು ಜೊಂಡಕ್ಕ ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಆದರೆ ಅವಳ ಕೈ ಕೆಟ್ಟ ಕೆಲಸ ಕಲಿತಿರಲಿಲ್ಲ. ಐದನೇ ತಿಂಗಳಿಗೆ ಜೊಂಡು ಸೊಂಟ ಮುಟ್ಟಿತು, ಎಂಟನೇ ತಿಂಗಳಿಗೆ ತಲೆ ದಾಟಿತು. ನಾತ ಹೋಯಿತು. ಕೊನೆಯ ಪಾತಿಯ ನೀರಿನಲ್ಲಿ ಕೈಯದ್ದಿದರೆ ಬೆರಳಿನ ಗೆರೆ ಕಾಣಿಸತೊಡಗಿತು. ಎಲ್ಲಿಂದಲೋ ಹಕ್ಕಿಗಳು ಬಂದವು. ಮುಚ್ಚಿದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಯಜಮಾನ ಬೆತ್ತದ ಕುರ್ಚಿ ತಂದು ಪಾತಿಯ ದಂಡೆಗೇ ಹಾಕಿಕೊಂಡ. ಪತ್ರಿಕೆಯವರು ಬಂದರು. "ಪ್ರಕೃತಿಗೆ ಏನಾದ್ರೂ ವಾಪಸ್ ಕೊಡಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಕನಸು," ಎಂದು ಅವನು ಹೇಳಿದ್ದು ಫೋಟೋ ಸಮೇತ ಅಚ್ಚಾಯಿತು.

ಗೆಳತಿ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ನಕ್ಕೇ ನಕ್ಕಳು. "ಹೊಡೆಯೋಕೆ ಎತ್ತಿದ ಕೈಯಲ್ಲಿ ಹಾರ ಹಾಕಿ ಬಂದೆಯಲ್ಲೇ!"

ಜೊಂಡಕ್ಕನಿಗೆ ನಗು ಬರಲಿಲ್ಲ. ಆ ದಿನ ಅವಳು ಊಟ ಬಿಟ್ಟಳು.

ಹನ್ನೊಂದನೇ ತಿಂಗಳ ಒಂದು ಬೆಳಿಗ್ಗೆ ಇಬ್ಬರೂ ಹೋದಾಗ ಕಾರ್ಖಾನೆಯಲ್ಲಿ ಸಡಗರ. ಬಟ್ಟೆಯ ದೊಡ್ಡ ಖರೀದಿದಾರರು ಪಾತಿಗಳನ್ನು ನೋಡಲು ಬರುವವರಿದ್ದರು. ಜೊಂಡಕ್ಕ ಎಂದಿನಂತೆ ಕೊನೆಯ ಪಾತಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದಳು. ತೆಳುವಾಗಿ, ಮಗುವಿನ ಅಂಗೈಯಷ್ಟು ಕೆಂಪು. ಮತ್ತೆ ತುಂಬಿದಳು. ಮತ್ತೆ ಅದೇ. ಮೇಲಿನ ತೊಟ್ಟಿಗೆ ಹೋಗಿ ನೋಡಿದರೆ ನೀರು ತಡೆಯುವ ಅಡ್ಡ ಹಲಗೆಯನ್ನು ಯಾರೋ ಸರಿಸಿದ್ದರು. ಗಸಿ ಇಳಿಯುವ ಮೊದಲೇ ನೀರು ನೇರ ಪಾತಿಗೆ ನುಗ್ಗಿತ್ತು.

"ಯಾರು ತೆಗೆದಿದ್ದು?" ಎಂದು ಕೇಳಿದಳು. ತೊಟ್ಟಿ ಕಾಯುವವನು ಬಂಗಲೆಯ ಕಡೆ ನೋಡಿ ತಲೆ ತಗ್ಗಿಸಿದ. ಹೊಸ ಆರ್ಡರಿಗಾಗಿ ವಾರದಿಂದ ಎರಡು ಪಟ್ಟು ಬಟ್ಟೆ ಅದ್ದುತ್ತಿದ್ದರು.

ಅವಳು ವಾಲ್ವು ತಿರುಗಿಸಿ ಬೀಗ ಹಾಕಿದಳು. ಅರ್ಧ ಗಂಟೆಯಲ್ಲಿ ಒಳಗಿನ ಸದ್ದು ಒಂದೊಂದಾಗಿ ಅಡಗಿತು. ಕೆಲಸಗಾರರು ಒದ್ದೆ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದರು. ಹಿಂದೆಯೇ ಯಜಮಾನ, ಹೊಳೆಯುವ ಬೂಟು ಹಾಕಿಕೊಂಡವನು, ಓಡುತ್ತ ಬಂದ. ಸೊಸೆಯೂ ಬಂದಳು.

"ಇವತ್ತೊಂದು ದಿನ ಬಿಟ್ಟುಬಿಡಮ್ಮ. ಅವರು ಇನ್ನೇನು ಬಂದುಬಿಡ್ತಾರೆ. ನಾಳೆ ನೀನು ಹೇಳಿದ ಹಾಗೆ."

"ನೀರು ಕೆಂಪಾಗಿದೆ."

"ಯಾರಿಗೆ ಕಾಣುತ್ತೆ ಅಷ್ಟು?"

"ನನಗೆ ಕಾಣುತ್ತೆ."

"ನಿನಗೆ ಕೈ ಮುಗೀತೀನಿ."

"ಮುಗೀರಿ," ಎಂದಳು ಅವಳು.

ಎಲ್ಲರೂ ನೋಡುತ್ತಿದ್ದರು. ಯಜಮಾನನ ಮುಖಕ್ಕೆ ರಕ್ತ ನುಗ್ಗಿತು. ಮುಗಿಯಲು ಹೊರಟಿದ್ದ ಕೈಗಳನ್ನು ಕೆಳಗೆ ಬೀಸಿ ಕೂಗಿದ: "ಅಪ್ಪನದೇ ಹಠ! ಅವನೂ ಹೀಗೇ ನಿಂತಿದ್ದ ನೀಲಿ ಕೈ ಕಟ್ಕೊಂಡು, ನೆಟ್ಟಗೆ ನನ್ನ ಕಣ್ಣೇ ನೋಡ್ತಾ. ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಇಟ್ಕೋತಿದ್ದೆ. ಅನ್ನಲಿಲ್ಲ!"

ಅಪ್ಪ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರೆಂದು ಜೊಂಡಕ್ಕನಿಗೆ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಆ ದಿನ ಮನೆಗೆ ಬಂದ ಅಪ್ಪ ಬರೀ ತಲೆ ತಗ್ಗಿಸಿ ಕೂತಿದ್ದರು.

"ನೆನಪಿಲ್ಲ ಅಂದಿದ್ರಿ," ಎಂದಳು.

ಸೊಸೆ ಮಾವನನ್ನೇ ನೋಡುತ್ತಿದ್ದಳು.

ಜೊಂಡಕ್ಕ ಕೆಲಸಗಾರರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ತೊಟ್ಟಿ ಖಾಲಿ ಮಾಡಿ, ಗಸಿ ತೆಗೆದು, ಪಾತಿ ತೊಳೀಬೇಕು. ನಾಲ್ಕು ದಿನ ಕೆಲಸ ಇಲ್ಲ. ಕೂಲಿ ಬರುತ್ತೆ, ಕರಾರಲ್ಲಿದೆ."

"ಮೂರು ದಿನ ಸಾಕು," ಎಂದು ಗೆಳತಿ ಅವಳ ಕಿವಿಯಲ್ಲಿ ಅಂದಳು.

"ನಾಲ್ಕು," ಎಂದಳು ಅವಳು.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಊಟದ ಡಬ್ಬಿ ಬಿಚ್ಚಿದರು. ನೋಡುತ್ತಿದ್ದಂತೆ ಜನವೆಲ್ಲ ಜೊಂಡಿನ ನೆರಳಿಗೆ ಸರಿದು ಕಾಲು ಚಾಚಿ ಕೂತರು. ಸೊಸೆ ಚಪ್ಪಲಿ ಬಿಟ್ಟು, ತೋಳೇರಿಸಿ, ತೊಟ್ಟಿಯ ದಂಡೆಯಲ್ಲಿದ್ದ ಬಕೆಟ್ಟೊಂದನ್ನು ಎತ್ತಿಕೊಂಡು ಕೇಳಿದಳು. "ಗಸಿ ಎಲ್ಲಿಗೆ ಹಾಕಬೇಕು?" ಜೊಂಡಕ್ಕ ಜಾಗ ತೋರಿಸಿದಳು.

ಗೇಟಿನ ಹೊರಗೆ ಖರೀದಿದಾರರ ಕಾರು ಬಂದು ನಿಂತು ಹಾರ್ನ್ ಮಾಡಿತು. ಗೇಟು ಕಾಯುವವನೂ ಎಲ್ಲರ ಜೊತೆ ನೆರಳಲ್ಲಿ ಕೂತು ಉಣ್ಣುತ್ತಿದ್ದ. ಅವನು ತುತ್ತು ಕೈಯಲ್ಲೇ ಹಿಡಿದು ಯಜಮಾನನನ್ನು ನೋಡಿದ, ಆಮೇಲೆ ಅದನ್ನು ಬಾಯಿಗಿಟ್ಟುಕೊಂಡ. ಹಾರ್ನ್ ಇನ್ನೊಮ್ಮೆ ಆಯಿತು, ಈ ಸಲ ಉದ್ದಕ್ಕೆ. ಯಜಮಾನ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಕೆಸರಿನಲ್ಲಿ ಬೂಟು ಎತ್ತಿ ಎತ್ತಿಡುತ್ತ, ತಾನೇ ಗೇಟಿನ ಕಡೆ ನಡೆಯತೊಡಗಿದ.