ಹನ್ನೆರಡನೆಯ ಕಂಬ

ಗೋಲಂದಾಮ್ ಖಾನಮ್‌ಗೆ ಆ ಕಂಬದ ಮೇಲೆ ಕೆಲಸಕ್ಕೆ ಬಂದ ಮೊದಲ ದಿನದಿಂದಲೇ ಕಣ್ಣು. ದಶ್ತಾಬ್ ಊರಿನ ಜುಮಾ ಮಸೀದಿಯ ಪಡುವಣ ಸಾಲಿನಲ್ಲಿ ಹನ್ನೊಂದು ಇಟ್ಟಿಗೆ ಕಂಬಗಳು ಒಂದೇ ಅಳತೆಯಲ್ಲಿ ಸಪೂರ ನಿಂತಿದ್ದರೆ, ಹನ್ನೆರಡನೆಯದು ಮಾತ್ರ ತುಂಬು ಬಸುರಿಯ ಹಾಗೆ ದಪ್ಪ.

ಅವಳದು ಗಾರೆ ಕೆಲಸದ ಮನೆತನ. ಬೇಗ ಗಟ್ಟಿಯಾಗದಂತೆ ಗಾರೆಗೆ ಬಿಡದೆ ಕೈಯಾಡಿಸಿ, ಕೆತ್ತನೆಗೆ ಹದ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ. ಆದರೂ ಮಸೀದಿಯ ದುರಸ್ತಿಗೆ ಬಂದಿದ್ದ ಇಂಜಿನಿಯರ್ ಕಿಯೂಮರ್ಸ್ ಅವಳನ್ನು ಕಲಸುವುದಕ್ಕಷ್ಟೇ ಇಟ್ಟುಕೊಂಡಿದ್ದ. ಕರಣೆ ಹಿಡಿಯಲು ಗಂಡಸರಿದ್ದರು.

ಒಂದು ಬೆಳಿಗ್ಗೆ ಅವಳು ಕಂಬಕ್ಕೆ ಕಿವಿಯಾನಿಸಿ ಬೆರಳ ಗೆಣ್ಣಿನಿಂದ ಬಡಿದಳು.

"ಏನ್ ಖಾನಮ್, ಒಳಗಿರೋರು ಬಾಗಿಲು ತೆಗೀತಾರಾ?" ಇಂಜಿನಿಯರ್ ನಕ್ಕ.

"ನೀನು ಅಡ್ಡ ನಿಲ್ಲದಿದ್ರೆ ತೆಗೀತಾರೆ ಮಗಾ. ಈ ಇಟ್ಟಿಗೆ ಹಿಂದೆ ಟೊಳ್ಳು. ಒಳಗೆ ಇನ್ನೊಂದು ಕಂಬ ಇದೆ."

"ಇಷ್ಟು ವರ್ಷ ಯಾರಿಗೂ ಕಾಣದ್ದು ನಿಮಗೆ ಕಾಣ್ತಾ?"

"ಕಾಣ್ಲಿಲ್ಲ, ಕೇಳಿಸ್ತು. ದೇವರು ಇಂಜಿನಿಯರ್‌ಗೂ ಎರಡು ಕಿವಿ ಕೊಟ್ಟಿದಾನೆ. ಇಟ್ಟು ನೋಡು."

ಅವನು ಕಿವಿಯಿಟ್ಟ. ನಗು ನಿಂತಿತು. ಅಂದೇ ನಗರಕ್ಕೆ ಪತ್ರ ಬರೆದ.

ಮೂರು ವಾರಕ್ಕೆ ಅನುಮತಿ ಬಂತು. ಪಕ್ಕದ್ದು ಕದಲದಂತೆ ಇಟ್ಟಿಗೆ ಬಿಡಿಸುವವರು ಯಾರು ಎಂದಾಗ ಗಂಡಸರೆಲ್ಲ ಗೋಲಂದಾಮ್ ಕಡೆ ನೋಡಿದರು. ಅವಳು ಒಂದೊಂದಾಗಿ ನಾಲ್ಕು ಇಟ್ಟಿಗೆ ತೆಗೆದು, ಸಂದಿಗೆ ದೀಪ ಹಿಡಿದಳು.

ಒಳಗೆ ಮಸೀದಿಯನ್ನು ಮೊದಲು ಕಟ್ಟಿದವರ ದುಂಡು ಕಂಬ. ಮೈತುಂಬ ಬಿಳಿ ಗಾರೆಯ ದ್ರಾಕ್ಷಿ ಬಳ್ಳಿ, ಎಲೆ, ಗೊಂಚಲು. ಎಂದೋ ಭೂಕಂಪದಲ್ಲಿ ಸೀಳಿದ ಅದಕ್ಕೆ ಹಿಂದಿನವರು ಇಟ್ಟಿಗೆಯ ಅಂಗಿ ತೊಡಿಸಿ ಉಳಿಸಿಕೊಂಡಿದ್ದರು. ಮಿಕ್ಕ ಹನ್ನೊಂದನ್ನು ಕೆಡವಿ ಹೊಸದಾಗಿ ಕಟ್ಟಿದ್ದರು.

"ಇಲ್ನೋಡು," ಗೋಲಂದಾಮ್ ತೋರಿಸಿದಳು. "ಈ ಗೊಂಚಲಿಗೆ ಗೆರೆ ಮಾತ್ರ ಎಳೆದಿದಾನೆ. ಊಟಕ್ಕೆ ಹೋದ ಮೇಸ್ತ್ರಿ ಹಾಗೇ ನಿದ್ದೆ ಹೊಡೆದಿರ್ಬೇಕು."

ಕಮಾನುಗಳ ಕೆಳಗೆ ನಗೆ ಉರುಳಿ ಹೋಯಿತು. ಮಧ್ಯಾಹ್ನದೊಳಗೆ ಅವಳು ಕಂಬದ ಒಂದು ಮಗ್ಗುಲಿನ ಇಟ್ಟಿಗೆಯನ್ನೆಲ್ಲ ಬಿಡಿಸಿದ್ದಳು, ಅಂಗಳದಲ್ಲಿ ಊರೇ ನೆರೆದಿತ್ತು. ರೊಟ್ಟಿಯವನು ಬಿಸಿ ಸಂಗಕ್ ರೊಟ್ಟಿ ಹೊತ್ತು ತಂದ. ಹೆಂಗಸರು ಕೊಪ್ಪರಿಗೆಯಲ್ಲಿ ಶ್ಯಾವಿಗೆ ಗಂಜಿ ಕುದಿಸಿದರು. ಮುದಿ ಇಮಾಮರು ಕಂಬದ ಮುಂದಿನಿಂದ ಏಳಲೇ ಇಲ್ಲ. ಗಂಜಿಯನ್ನು ಅಲ್ಲಿಗೇ ತರಿಸಿಕೊಂಡರು.

ಇಂಜಿನಿಯರ್ ತಾನೇ ಒಂದು ಬಟ್ಟಲು ಹಿಡಿದು ಬಂದ. "ತಗೊಳ್ಳಿ, ಉಸ್ತಾದ್."

ಆ ಊರಲ್ಲಿ ಮೇಸ್ತ್ರಿಗಳಲ್ಲೇ ದೊಡ್ಡವನಿಗೆ ಮಾತ್ರ ಸಲ್ಲುವ ಮಾತು ಅದು. ಗೋಲಂದಾಮ್ ಹಿಂದೆ ತಿರುಗಿ ನೋಡಿದಳು. "ಯಾರನ್ನ ಕರೆದೆ?"

"ನಿಮ್ಮನ್ನೇ. ನಾಳೆಯಿಂದ ಈ ಬಳ್ಳಿಯ ಬಿರುಕು ಕೂಡಿಸೋರು ನೀವೇ. ಗಾರೆ ಕಲಸೋಕೆ ಯಾರು ಬೇಕು, ಹೇಳಿ."

"ನೀನೇ ಬಾ. ಹದ ಅಂದ್ರೇನು ಅಂತ ಗೊತ್ತಾಗ್ಲಿ."

ಮರುದಿನ ಅವನು ತೋಳು ಮಡಿಸಿ ಕೂತ. ಗಳಿಗೆಗೊಮ್ಮೆ ಮೇಲಿನಿಂದ "ಕೈ ನಿಲ್ಲಿಸ್ಬೇಡ" ಎಂಬ ಗದರಿಕೆ ಬೀಳುತ್ತಿತ್ತು. ಅಟ್ಟಣಿಗೆಯ ಮೇಲೆ ಗೋಲಂದಾಮ್ ಮೊದಲ ಎಲೆಗೆ ಕುಂಚದಿಂದ ನೀರು ಹನಿಸುತ್ತಿದ್ದಳು.